ಸೂಜಿ ಚುಚ್ಚುವ ಮೊದಲು...

ಆಟಿಸಂ ಇರುವ ಮಗುವಿಗೆ ಒಂದು ರಕ್ತಪರೀಕ್ಷೆ ಮಾಡಿಸಬೇಕೆಂದರೆ ಮನೆಮಂದಿಗೆಲ್ಲ ಜ್ವರ ಬಂದಂತಾಗುತ್ತದೆ. ನಾಲ್ಕು ಜನ ಸೇರಿ ಅದುಮಿ ಹಿಡಿಯುವುದೊಂದೇ ದಾರಿಯೇ? ಖಂಡಿತ ಅಲ್ಲ. ತಯಾರಿ ಆಸ್ಪತ್ರೆಯಲ್ಲಲ್ಲ, ನಿಮ್ಮ ಮನೆಯ ಹಾಲ್‌ನಲ್ಲೇ ಶುರುವಾಗಲಿ.

"ಮಗೂನ ಗಟ್ಟಿಯಾಗಿ ಹಿಡ್ಕೊಳ್ಳಿ ಮೇಡಂ, ಒಂದೇ ನಿಮಿಷ ಅಷ್ಟೆ!"

ಲ್ಯಾಬ್‌ನಲ್ಲಿ ಈ ಮಾತು ಕೇಳದ ತಾಯಿ ಯಾರಿದ್ದಾರೆ ಹೇಳಿ? ಬಹಳಷ್ಟು ಮಕ್ಕಳು ಒಮ್ಮೆ ಜೋರಾಗಿ ಅತ್ತು, ಚಾಕೊಲೇಟ್ ಕೈಗೆ ಬಂದ ಕೂಡಲೇ ಎಲ್ಲ ಮರೆತುಬಿಡುತ್ತವೆ. ಆದರೆ ಆಟಿಸಂ, ಅಂದರೆ ಸ್ವಲೀನತೆ ಇರುವ ಎಷ್ಟೋ ಮಕ್ಕಳಿಗೆ ಆ ಒಂದು ನಿಮಿಷ ವರ್ಷಗಟ್ಟಲೆ ನೆನಪಿರುತ್ತದೆ. ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ಅನುಭವಿಸಿ ಹೇಳುತ್ತಿದ್ದೇನೆ.

ನಾವಿರುವುದು ವೈಟ್‌ಫೀಲ್ಡ್ ಹತ್ತಿರ. ನನ್ನ ಮಗನಿಗೆ ಆಗ ಐದು ವರ್ಷ. ನಾಲ್ಕು ದಿನ ಜ್ವರ ಬಿಡಲಿಲ್ಲ ಅಂತ ಡಾಕ್ಟರ್ ರಕ್ತಪರೀಕ್ಷೆಗೆ ಬರೆದುಕೊಟ್ಟರು. ಲ್ಯಾಬ್‌ನಲ್ಲಿ ಟೋಕನ್ ಕೂಗುವ ಸದ್ದು, ಟಿ.ವಿ. ಸದ್ದು, ಫಿನಾಯಿಲ್ ವಾಸನೆ. ಮುಕ್ಕಾಲು ಗಂಟೆ ಕಾದೆವು. ಒಳಗೆ ಕರೆಯುವಷ್ಟರಲ್ಲಿ ಅವನು ಕಿವಿ ಮುಚ್ಚಿಕೊಂಡು ನೆಲಕ್ಕೆ ಕೂತಿದ್ದ. ಆಮೇಲೆ ನಡೆದದ್ದು ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನಾನು, ನನ್ನ ಗಂಡ, ಲ್ಯಾಬ್‌ನ ಇಬ್ಬರು, ನಾಲ್ಕು ಜನ ಸೇರಿ ಅವನ ಕೈಕಾಲು ಅದುಮಿ ಹಿಡಿದೆವು. ಎರಡು ಸಲ ಚುಚ್ಚಬೇಕಾಯಿತು. ರಕ್ತವೇನೋ ಸಿಕ್ಕಿತು. ಆದರೆ ಅವತ್ತಿನಿಂದ ಬಿಳಿ ಕೋಟು ಕಂಡರೆ ಓಟ. ಅಷ್ಟೇ ಅಲ್ಲ, ಕಟಿಂಗ್ ಶಾಪ್‌ನಲ್ಲಿ ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಲು ಹೋದರೂ ಚೀರಾಟ!

ನಾವೂ ಹೆದರಿದೆವು. "ಸುಮ್ನೆ ಯಾಕೆ ಮಗೂಗೆ ಹಿಂಸೆ" ಅಂತ ಅತ್ತೆಯೂ ಹೇಳಿದರು. ಅವನ ಐದು ವರ್ಷದ ಬೂಸ್ಟರ್ ಲಸಿಕೆ ಮುಂದಕ್ಕೆ ಹೋಯಿತು. ಹಲ್ಲು ತೋರಿಸುವುದಂತೂ ದೂರದ ಮಾತು. ಒಂದೂವರೆ ವರ್ಷ ಹೀಗೇ ಕಳೆಯಿತು. ಆಮೇಲೊಮ್ಮೆ ಅವನು ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಲು ಶುರು ಮಾಡಿದ. ಊಟ ಬಿಟ್ಟ. ರಾತ್ರಿ ನಿದ್ದೆಯಿಲ್ಲ. 'ಆಟಿಸಂ ಇರೋ ಮಕ್ಕಳು ಹೀಗೆಲ್ಲ ಮಾಡ್ತಾರೆ' ಅಂತ ನಮಗೆ ನಾವೇ ಸಮಾಧಾನ ಹೇಳಿಕೊಂಡೆವು. ಮೂರು ವಾರದ ಮೇಲೆ ಕೆನ್ನೆ ಊದಿಕೊಂಡಾಗಲೇ ಗೊತ್ತಾಗಿದ್ದು, ದವಡೆ ಹಲ್ಲು ಹುಳುಕಾಗಿ ಕೀವು ತುಂಬಿತ್ತು. ಪಾಪ, ಮಗು ಬಾಯಿಬಿಟ್ಟು ಹೇಳಲಾಗದೆ ಕೈಯಿಂದ ಹೇಳುತ್ತಿತ್ತು. ನಮಗೇ ಅರ್ಥವಾಗಲಿಲ್ಲ.

ಅವತ್ತು ನಾನು ಕಲಿತ ಪಾಠ ಇದು: ಬಲವಂತದಿಂದ ಒಂದು ದಿನದ ಪರೀಕ್ಷೆ ಮುಗಿಯಬಹುದು, ಆದರೆ ಮುಂದಿನ ಹತ್ತು ಪರೀಕ್ಷೆಗಳ ಬಾಗಿಲು ಮುಚ್ಚಿಹೋಗುತ್ತದೆ.

ಅದು ಹಠ ಅಲ್ಲ

ಆಟಿಸಂ ಒಂದು ಕಾಯಿಲೆಯಲ್ಲ. ಮಿದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ. ನಮಗೆ ಸಾಧಾರಣ ಎನಿಸುವ ಬೆಳಕು, ಸದ್ದು, ವಾಸನೆ, ಸ್ಪರ್ಶ ಇಂಥ ಕೆಲವರಿಗೆ ಹತ್ತು ಪಟ್ಟು ಜೋರಾಗಿ ತಟ್ಟುತ್ತದೆ. ಇನ್ನು ಕೆಲವರಿಗೆ ತೀರಾ ಮಂದವಾಗಿ. ಪೀಣ್ಯದಲ್ಲಿರುವ ನನ್ನ ಗೆಳತಿಯ ತಮ್ಮನಿಗೆ ಈಗ ಇಪ್ಪತ್ತನಾಲ್ಕು ವರ್ಷ. ಮನೆಯ ಪಕ್ಕದ ಫ್ಯಾಕ್ಟರಿಯಲ್ಲಿ ಪ್ರೆಸ್ ಮೆಷಿನ್ ದಿನವಿಡೀ ದಡ್ ದಡ್ ಅನ್ನುತ್ತಿದ್ದರೂ ಅವನಿಗೆ ಏನೂ ಅನಿಸುವುದಿಲ್ಲ. ಆದರೆ ಬಿಪಿ ನೋಡುವ ಪಟ್ಟಿಯನ್ನು 'ಚರ್ರ್' ಅಂತ ಬಿಚ್ಚಿದರೆ ಬೆಚ್ಚಿ ಎದ್ದು ನಿಲ್ಲುತ್ತಾನೆ!

ಅದರ ಮೇಲೆ, ಮುಂದೇನಾಗುತ್ತದೆ ಅಂತ ಗೊತ್ತಿಲ್ಲದ ಆತಂಕ. ಅಪರಿಚಿತರು ಮೈ ಮುಟ್ಟುವ ಭಯ. ಇಷ್ಟೆಲ್ಲದರ ನಡುವೆ ಅದುಮಿ ಹಿಡಿದರೆ ಹೆದರಿದವರ ಮೇಲೆ ಹಾವು ಎಸೆದ ಹಾಗೆ. 'ಆಟಿಸಂ ಇರೋರಿಗೆ ನೋವು ಗೊತ್ತಾಗಲ್ಲ' ಅನ್ನುವವರೂ ಇದ್ದಾರೆ. ಇದು ತಪ್ಪು. ನೋವು ಇರುತ್ತದೆ, ತೋರಿಸುವ ರೀತಿ ಬೇರೆ. ಮಗು ಇದ್ದಕ್ಕಿದ್ದಂತೆ ತಲೆ ಚಚ್ಚಿಕೊಳ್ಳುವುದು, ಕಿವಿ ಎಳೆದುಕೊಳ್ಳುವುದು, ಊಟ-ನಿದ್ದೆ ಬಿಡುವುದು ಮಾಡಿದರೆ ಮೊದಲು ಹಲ್ಲು, ಕಿವಿ, ಹೊಟ್ಟೆ ತೋರಿಸಿ. ಆಮೇಲೆ ಉಳಿದದ್ದು.

ಮನೆಯಲ್ಲೇ ಆಗಲಿ ರಿಹರ್ಸಲ್

ನಮ್ಮ ಕಥೆ ಬದಲಾಗಿದ್ದು ಒಬ್ಬ ದಂತವೈದ್ಯೆಯಿಂದ. ಕೀವಿಗೆ ಚಿಕಿತ್ಸೆಯಾದ ಮೇಲೆ ಮತ್ತೊಬ್ಬರ ಹತ್ತಿರ ಹೋಗಿದ್ದೆವು. ಅವರು ಮೊದಲ ದಿನ, "ಇವತ್ತು ನಾನು ಅವನನ್ನ ಮುಟ್ಟೋದೇ ಇಲ್ಲಮ್ಮಾ. ಕುರ್ಚಿ ಮೇಲೆ ಹತ್ತಿ ಇಳಿದು ಹೋಗ್ಲಿ ಸಾಕು" ಅಂದರು. ಎರಡನೇ ಸಲ ಕುರ್ಚಿ ಮೇಲೆ ಕೆಳಗೆ ಹೋಗಿದ್ದಷ್ಟೇ. ಮೂರನೇ ಸಲ ಪುಟ್ಟ ಕನ್ನಡಿ ಅವನ ಕೈಗೇ ಕೊಟ್ಟರು. ಐದನೇ ಭೇಟಿಗೆ ಅವನೇ ಬಾಯಿ ತೆರೆದ!

ದಂತವೈದ್ಯರು ಮಕ್ಕಳ ವಿಷಯದಲ್ಲಿ 1950ರ ದಶಕದಿಂದಲೂ ಬಳಸುತ್ತಿರುವ ವಿಧಾನವಿದು: ಮೊದಲು ಹೇಳು, ಆಮೇಲೆ ತೋರಿಸು, ಕೊನೆಗೆ ಮಾಡು. ಇದನ್ನೇ ನೀವು ಮನೆಯಲ್ಲಿ ಮಾಡಬಹುದು. ರಕ್ತಪರೀಕ್ಷೆಯ ಉದಾಹರಣೆಯನ್ನೇ ತಗೊಳ್ಳಿ. ಒಂದೆರಡು ವಾರ ಮೊದಲೇ ಶುರು ಮಾಡಿ.

* ದಿನಾ ಒಂದೇ ಹೊತ್ತಿಗೆ, ಒಂದೇ ಕುರ್ಚಿಯಲ್ಲಿ ಕೂರಿಸಿ, ಕೈ ಚಾಚಿ ದಿಂಬಿನ ಮೇಲಿಡಲು ಹೇಳಿ. ಐದು ಎಣಿಸಿ, ಶಹಬ್ಬಾಸ್ ಹೇಳಿ ಬಿಟ್ಟುಬಿಡಿ. ಮೊದಲ ದಿನ ಇಷ್ಟೇ.
* ಅದು ಅಭ್ಯಾಸವಾದ ಮೇಲೆ, ತೋಳಿಗೆ ಮೆತ್ತನೆ ರಿಬ್ಬನ್ ಅಥವಾ ದುಪಟ್ಟಾ ಸಡಿಲವಾಗಿ ಸುತ್ತಿ, ತಕ್ಷಣ ಬಿಚ್ಚಿ.
* ನಂತರ ಒದ್ದೆ ಹತ್ತಿಯಿಂದ ಮೊಣಕೈ ಒಳಭಾಗ ಒರೆಸಿ. ಸ್ಪಿರಿಟ್ ವಾಸನೆ, ತಣ್ಣನೆ ಅನುಭವ ಎರಡೂ ಕೆಲವು ಮಕ್ಕಳಿಗೆ ಸೂಜಿಗಿಂತ ದೊಡ್ಡ ಕಷ್ಟ.
* ಕೊನೆಗೆ, ರೀಫಿಲ್ ತೆಗೆದ ಪೆನ್ನಿನ ಮೊಂಡು ತುದಿಯನ್ನು ಮೆಲ್ಲಗೆ ಒತ್ತಿ, ಹತ್ತು ಎಣಿಸಿ, ಮೇಲೊಂದು ಪ್ಲಾಸ್ಟರ್ ಅಂಟಿಸಿ. ಪ್ಲಾಸ್ಟರ್ ಕೀಳುವುದನ್ನೂ ಅಭ್ಯಾಸ ಮಾಡಿಸಿ.

ಮಗು ಬೇಡ ಅಂದ ಹಂತದಲ್ಲಿ ನಿಲ್ಲಿಸಿ, ಹಿಂದಿನ ಹಂತಕ್ಕೆ ಹೋಗಿ. ಅವಸರ ಬೇಡ. ಮೊದಲು ಗೊಂಬೆಗೆ, ಆಮೇಲೆ ಅಪ್ಪನಿಗೆ, ಆಮೇಲೆ ತನಗೆ ಅಂತ ಆಟದ ಡಾಕ್ಟರ್ ಸೆಟ್‌ನಿಂದಲೂ ಆಡಿಸಬಹುದು. ಇಇಜಿ ಮಾಡಿಸಬೇಕಿದ್ದರೆ ತಲೆಗೆ ಶವರ್ ಕ್ಯಾಪ್ ಹಾಕಿ, ಹಣೆಗೆ ಸ್ವಲ್ಪ ಕ್ರೀಮ್ ಸವರಿ ಕೂರುವ ಅಭ್ಯಾಸ ಮಾಡಿಸಿ. ಸ್ಕ್ಯಾನಿಂಗ್ ಇದ್ದರೆ ಡೈನಿಂಗ್ ಟೇಬಲ್ ಕೆಳಗೆ ಅಲುಗಾಡದೆ ಮಲಗುವ ಆಟ!

ಚಿತ್ರಗಳಲ್ಲಿ ಕಥೆ ಹೇಳಿ

ಇಂಥ ಹೆಚ್ಚಿನ ಮಕ್ಕಳಿಗೆ ಮಾತಿಗಿಂತ ಚಿತ್ರ ಬೇಗ ಹತ್ತುತ್ತದೆ. ಅಮೆರಿಕದ ಶಿಕ್ಷಕಿ ಕ್ಯಾರಲ್ ಗ್ರೇ 1990ರ ದಶಕದ ಆರಂಭದಲ್ಲಿ 'ಸೋಶಿಯಲ್ ಸ್ಟೋರಿ' ಎಂಬ ವಿಧಾನ ರೂಪಿಸಿದರು. ಮುಂದೆ ಏನೇನು ನಡೆಯುತ್ತದೆ ಎನ್ನುವುದನ್ನು ಮಗುವಿನ ಮಾತಿನಲ್ಲೇ ಬರೆದ ಪುಟ್ಟ ಕಥೆ ಅದು. ಇದಕ್ಕೆ ದುಡ್ಡು ಖರ್ಚಿಲ್ಲ. ಒಂದು ದಿನ ಮೊದಲೇ ಲ್ಯಾಬ್‌ಗೆ ಹೋಗಿ, ಅನುಮತಿ ಕೇಳಿ, ಫೋನ್‌ನಲ್ಲಿ ಬಾಗಿಲು, ಕುರ್ಚಿ, ಟೇಬಲ್ ಫೋಟೊ ತೆಗೆದುಕೊಳ್ಳಿ. 'ನಾವು ಆಟೊದಲ್ಲಿ ಹೋಗ್ತೀವಿ. ಇಲ್ಲಿ ಕೂತು ಕಾಯ್ತೀವಿ. ಈ ಕುರ್ಚಿ ಮೇಲೆ ಕೂರ್ತೀನಿ. ಆಂಟಿ ಕೈ ಒರೆಸ್ತಾರೆ. ಸೂಜಿ ಚುಚ್ತಾರೆ. ಪ್ಲಾಸ್ಟರ್ ಹಾಕ್ತಾರೆ. ಮುಗೀತು. ಮನೆಗೆ ಬಂದು ಇಡ್ಲಿ ತಿಂತೀನಿ' ಅಂತ ಜೋಡಿಸಿ. ದಿನಾ ಮಲಗುವ ಮುಂಚೆ ತೋರಿಸಿ. ಕೊನೆಯ ಚಿತ್ರ ಯಾವಾಗಲೂ ಮನೆಯದೇ ಆಗಿರಲಿ, ಮರೆಯಬೇಡಿ.

ಸುಳ್ಳೂ ಬೇಡ, ಉಪಮೆಯೂ ಬೇಡ

'ನೋವೇ ಆಗಲ್ಲ' ಅಂದುಬಿಟ್ಟರೆ ಒಮ್ಮೆ ಕೆಲಸವಾಗಬಹುದು. ಮುಂದಿನ ಸಲ ನಿಮ್ಮನ್ನು ನಂಬುವವರಾರು? 'ಪಾರ್ಕ್‌ಗೆ ಹೋಗೋಣ' ಅಂತ ಹೇಳಿ ಆಸ್ಪತ್ರೆಗೆ ಕರೆದೊಯ್ದರೆ ಪಾರ್ಕಿನ ಮೇಲೂ ಭಯ ಹುಟ್ಟುತ್ತದೆ.

ನಾನೊಮ್ಮೆ ಜಾಣತನ ತೋರಿಸಲು ಹೋಗಿ, "ಇರುವೆ ಕಚ್ಚಿದ ಹಾಗಾಗುತ್ತೆ ಪುಟ್ಟಾ" ಅಂದಿದ್ದೆ. ಅವನು ಕೂತ ಕುರ್ಚಿಯಿಂದ ಇಳಿದು ಕೋಣೆಯೆಲ್ಲ ಇರುವೆ ಹುಡುಕತೊಡಗಿದ! ಇಂಥ ಮಕ್ಕಳು ಎಷ್ಟೋ ಸಲ ನಾವು ಹೇಳಿದ್ದನ್ನು ಇದ್ದದ್ದು ಇದ್ದಂತೆಯೇ ಅರ್ಥ ಮಾಡಿಕೊಳ್ಳುತ್ತಾರೆ. 'ಒಂದು ನಿಮಿಷ' ಅಂದರೆ ಅವರಿಗೆ ಅರವತ್ತು ಸೆಕೆಂಡೇ. ಹಾಗಾಗಿ ಇದ್ದದ್ದನ್ನು ಚಿಕ್ಕದಾಗಿ ಹೇಳಿ. "ಸೂಜಿ ಚುಚ್ತಾರೆ. ಸ್ವಲ್ಪ ನೋವಾಗುತ್ತೆ. ಆಮೇಲೆ ನೋವು ಹೋಗುತ್ತೆ. ನಾನು ಪಕ್ಕದಲ್ಲೇ ಇರ್ತೀನಿ." ಇಷ್ಟು ಸಾಕು.

ಮೊದಲೇ ಫೋನ್ ಮಾಡಿ ಕೇಳಿ

ನಮಗೆ ಕೇಳಲು ಸಂಕೋಚ. 'ಅವರೇನಂದುಕೊಳ್ತಾರೋ' ಅಂತ. ಆದರೆ ಕೇಳದೆ ಅವರಿಗಾದರೂ ಹೇಗೆ ತಿಳಿಯಬೇಕು? ಒಂದು ದಿನ ಮುಂಚೆ ಫೋನ್ ಮಾಡಿ, "ನನ್ನ ಮಗನಿಗೆ ಆಟಿಸಂ ಇದೆ, ಸ್ವಲ್ಪ ಸಹಾಯ ಬೇಕು" ಅಂತ ನೇರವಾಗಿ ಹೇಳಿ, ಇವನ್ನು ಕೇಳಿ:

* ದಿನದ ಮೊದಲ ಅಥವಾ ಜನ ಕಡಿಮೆ ಇರುವ ಹೊತ್ತಿನ ಸಮಯ ಕೊಡ್ತೀರಾ? (ಐಟಿಪಿಎಲ್ ರಸ್ತೆಯ, ಸಿಲ್ಕ್ ಬೋರ್ಡ್‌ನ ಟ್ರಾಫಿಕ್‌ನಲ್ಲಿ ಒಂದು ಗಂಟೆ ಸಿಕ್ಕಿಕೊಂಡ ಮಗು ಅಲ್ಲಿಗೆ ತಲುಪುವಷ್ಟರಲ್ಲೇ ಸೋತಿರುತ್ತದೆ. ಬೆಳಿಗ್ಗೆ ಬೇಗ ಹೊರಡುವುದೇ ಲೇಸು.)
* ನಾವು ಹೊರಗೆ ಕಾಯ್ತೀವಿ, ಸರದಿ ಬಂದಾಗ ಫೋನ್ ಮಾಡ್ತೀರಾ?
* ಮಕ್ಕಳ ರಕ್ತ ತೆಗೆದು ಅನುಭವ ಇರೋರು ಯಾವ ಹೊತ್ತಿಗೆ ಇರ್ತಾರೆ?
* ಖಾಲಿ ಹೊಟ್ಟೆಯಲ್ಲೇ ಬರಬೇಕಾ? ನೀರು ಕುಡೀಬಹುದಾ? (ಉಪವಾಸದ ಪರೀಕ್ಷೆಗೂ ಸಾಮಾನ್ಯವಾಗಿ ಬರೀ ನೀರಿಗೆ ಅಡ್ಡಿಯಿಲ್ಲ. ಮೈಯಲ್ಲಿ ನೀರಿನಂಶ ಇದ್ದರೆ ರಕ್ತನಾಳ ಬೇಗ ಸಿಗುತ್ತದೆ.)
* ಬೇಕಾದ ಎಲ್ಲ ಪರೀಕ್ಷೆಗಳನ್ನೂ ಒಂದೇ ಸಲ ಚುಚ್ಚಿ ಮುಗಿಸಬಹುದಾ?

ಎಲೆಕ್ಟ್ರಾನಿಕ್ ಸಿಟಿಯಲ್ಲಿರುವ ನನ್ನ ಓರಗಿತ್ತಿ, "ನಮ್ಮಲ್ಲಿ ಮನೆಗೇ ಬಂದು ರಕ್ತ ತಗೊಂಡು ಹೋಗ್ತಾರಲ್ಲ, ಅದೇ ಸುಲಭ" ಅಂತಾಳೆ. ನಿಜ, ಕಾಯುವ ಕಾಟವಿಲ್ಲ. ಆದರೆ ಒಂದು ಎಚ್ಚರಿಕೆ. ಮಗು ಮಲಗುವ ಕೋಣೆಯಲ್ಲಿ, ಅದರ ಹಾಸಿಗೆಯ ಮೇಲೆ ಮಾಡಿಸಬೇಡಿ. ಮನೆಯಲ್ಲಿ ಅದಕ್ಕೊಂದು ನೆಮ್ಮದಿಯ ಜಾಗ ಉಳಿದಿರಲಿ. ವೆರಾಂಡಾ ಅಥವಾ ಹಾಲ್‌ನ ಒಂದು ಮೂಲೆ ಇರಲಿ. ಬರುವವರ ಫೋಟೊ ಮೊದಲೇ ಸಿಕ್ಕರೆ ತೋರಿಸಿಡಿ.

ನೋವು ಕಡಿಮೆ ಮಾಡಲೂ ದಾರಿಗಳಿವೆ

ಚರ್ಮ ಮರಗಟ್ಟಿಸುವ ಕ್ರೀಮ್ ಇದೆ ಅಂತ ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಲಿಡೋಕೇನ್, ಪ್ರಿಲೋಕೇನ್ ಎಂಬ ಎರಡು ಔಷಧ ಸೇರಿದ ಈ ಕ್ರೀಮನ್ನು ಚುಚ್ಚುವ ಜಾಗಕ್ಕೆ ಸುಮಾರು ಒಂದು ಗಂಟೆ ಮೊದಲು ಹಚ್ಚಿ, ಮೇಲೆ ಪ್ಲಾಸ್ಟಿಕ್ ಪಟ್ಟಿ ಮುಚ್ಚಿಡಬೇಕು. ಆದರೆ ಇದು ಔಷಧ. ಎಷ್ಟು, ಎಲ್ಲಿ, ಎಷ್ಟು ಹೊತ್ತು ಅನ್ನುವುದನ್ನು ಡಾಕ್ಟರನ್ನೇ ಕೇಳಿ. ಪುಟ್ಟ ಮಕ್ಕಳಿಗಂತೂ ನಾವೇ ಹಚ್ಚಕೂಡದು.

ಇನ್ನೊಂದು ಮಾತು. 'ನಿದ್ದೆ ಬರೋ ಸಿರಪ್ ಕುಡಿಸಿ ಕರ್ಕೊಂಡು ಹೋದ್ರಾಯ್ತು' ಅಂತ ಕೆಲವರು ಸಲಹೆ ಕೊಡುತ್ತಾರೆ. ದಯವಿಟ್ಟು ಬೇಡ! ಮಂಪರು ಬರಿಸುವ ಔಷಧ ಉಸಿರಾಟದ ಮೇಲೆ ಪರಿಣಾಮ ಬೀರಬಹುದು. ಅದು ಬೇಕೇ ಬೇಕು ಅಂತಾದರೆ ಆಸ್ಪತ್ರೆಯಲ್ಲಿ, ವೈದ್ಯರ ನಿಗಾದಲ್ಲಷ್ಟೇ ಆಗಬೇಕು. ಹಲ್ಲಿನ ದೊಡ್ಡ ಚಿಕಿತ್ಸೆಗೆ ಅರಿವಳಿಕೆ ಕೊಡುವುದಾದರೆ, ಅದೇ ಹೊತ್ತಿನಲ್ಲಿ ರಕ್ತಪರೀಕ್ಷೆ, ಕಿವಿ ತಪಾಸಣೆಯನ್ನೂ ಮುಗಿಸಬಹುದೇ ಅಂತ ಕೇಳಿ ನೋಡಿ.

ಸೂಜಿಯ ಹೊತ್ತಿನಲ್ಲಿ ಚಿಕ್ಕ ಮಗುವನ್ನು ಮಲಗಿಸಿ ಅದುಮುವ ಬದಲು ನಿಮ್ಮ ತೊಡೆಯ ಮೇಲೆ ಕೂರಿಸಿ ತಬ್ಬಿಕೊಳ್ಳಿ. ಒಂದು ಕೈ ಮಾತ್ರ ಹೊರಗಿರಲಿ. ಮಾತಾಡುವವರು ಒಬ್ಬರೇ ಇರಲಿ. ಸುತ್ತ ನಿಂತು ನಾಲ್ವರು 'ಏನೂ ಆಗಲ್ಲ, ಏನೂ ಆಗಲ್ಲ' ಅಂತ ಕೂಗುವುದು ಬೇಡ. ಕೈ ಆಡಿಸುವುದು, ಓಲಾಡುವುದು, ಗುನುಗುವುದು ಮಾಡಿದರೆ ತಡೆಯಬೇಡಿ. ಅದು ಮಗು ತನ್ನನ್ನು ತಾನು ಸಮಾಧಾನ ಮಾಡಿಕೊಳ್ಳುವ ರೀತಿ. ಒದ್ದಾಟ ಜಾಸ್ತಿಯಾದರೆ, "ಇವತ್ತು ಬೇಡ, ಇನ್ನೊಂದು ದಿನ ಬರ್ತೀವಿ" ಅನ್ನುವ ಧೈರ್ಯ ನಿಮಗಿರಲಿ.

ಹಾಗಂತ ತುರ್ತು ಪರಿಸ್ಥಿತಿಯಲ್ಲಿ ರಿಹರ್ಸಲ್‌ಗೆ ಕಾಯಲಾಗುವುದಿಲ್ಲ. ಜೀವ ಮೊದಲು. ಆಗಲೂ ಮಗುವಿಗೆ ಪರಿಚಿತರೇ ಹಿಡಿದುಕೊಳ್ಳಿ, ಏನು ಮಾಡುತ್ತಿದ್ದೀರಿ ಅಂತ ಹೇಳುತ್ತಿರಿ. ಮಗು ಗುಣವಾದ ಮೇಲೆ, ಭಯ ಬೇರೂರುವ ಮುಂಚೆ, ಮತ್ತೆ ಮೊದಲ ಹಂತದಿಂದ ಅಭ್ಯಾಸ ಶುರು ಮಾಡಿ.

ಲಸಿಕೆ ತಪ್ಪಿಸಬೇಡಿ

ಲಸಿಕೆಯಿಂದಲೇ ಆಟಿಸಂ ಬರುತ್ತದೆ ಅನ್ನುವ ಮಾತು ಈಗಲೂ ಅಪಾರ್ಟ್‌ಮೆಂಟ್‌ಗಳಲ್ಲಿ ಕೇಳಿಬರುತ್ತದೆ. 1998ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬ್ರಿಟನ್ನಿನ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತಿತರರ ಒಂದು ಲೇಖನ ಬಂದ ಮೇಲೆ ಈ ಭಯ ಹಬ್ಬಿತು. 2010ರಲ್ಲಿ ಪತ್ರಿಕೆಯೇ ಆ ಲೇಖನವನ್ನು ಹಿಂತೆಗೆದುಕೊಂಡಿತು. ಅದೇ ವರ್ಷ ಆತನ ಹೆಸರು ಅಲ್ಲಿನ ವೈದ್ಯರ ಪಟ್ಟಿಯಿಂದಲೂ ಹೋಯಿತು. ಆಮೇಲೆ ನಡೆದ ದೊಡ್ಡ ಅಧ್ಯಯನಗಳಲ್ಲಿ ಇಂಥ ಸಂಬಂಧ ಕಂಡುಬಂದಿಲ್ಲ. ಹಾಗಾಗಿ 5-6ನೇ ವರ್ಷದ ಡಿಪಿಟಿ ಬೂಸ್ಟರ್, 10 ಮತ್ತು 16ನೇ ವರ್ಷದ ಟಿಡಿ ಲಸಿಕೆ ತಪ್ಪಿಸಬೇಡಿ. ನಮ್ಮ ಹಾಗೆ ತಡ ಮಾಡಿದ್ದರೆ ಇವತ್ತೇ ಡಾಕ್ಟರನ್ನು ಕೇಳಿ.

ಕಾನೂನು ನಿಮ್ಮ ಕಡೆ ಇದೆ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಕೂಡ ಸೇರಿದೆ. ಅದರ 25ನೇ ಸೆಕ್ಷನ್ನು ಇವರಿಗೆ ತಪಾಸಣೆ ಮತ್ತು ಚಿಕಿತ್ಸೆಯಲ್ಲಿ ಆದ್ಯತೆ ಕೊಡಬೇಕು ಅನ್ನುತ್ತದೆ. ಅಂದರೆ, 'ಸ್ವಲ್ಪ ಮೊದಲು ಬಿಡ್ತೀರಾ' ಅಂತ ನೀವು ಕೇಳುವುದು ಭಿಕ್ಷೆಯಲ್ಲ, ಹಕ್ಕು. ಸರ್ಕಾರ ಕೊಡುವ ಯುಡಿಐಡಿ ಕಾರ್ಡ್ ಮಾಡಿಸಿ ಬ್ಯಾಗ್‌ನಲ್ಲಿಟ್ಟುಕೊಳ್ಳಿ. ಕೌಂಟರ್‌ನಲ್ಲಿ ವಾದ ಮಾಡುವ ಬದಲು ಕಾರ್ಡ್ ತೋರಿಸಿದರಾಯಿತು. ನ್ಯಾಷನಲ್ ಟ್ರಸ್ಟ್‌ನ 'ನಿರಾಮಯ' ಆರೋಗ್ಯ ವಿಮೆಯಲ್ಲಿ ಆಟಿಸಂ ಇರುವವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸೌಲಭ್ಯವಿದೆ. ಇದನ್ನೂ ವಿಚಾರಿಸಿ.

ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯಕೀಯ ವಿಭಾಗ, ಮೈಸೂರಿನಲ್ಲಿ ವಾಕ್ ಶ್ರವಣ ಸಂಸ್ಥೆ ಇವೆ. ಹಲ್ಲಿನ ವಿಷಯಕ್ಕಾದರೆ ದಂತ ಕಾಲೇಜುಗಳಲ್ಲಿರುವ ಮಕ್ಕಳ ದಂತ ವಿಭಾಗ ವಿಚಾರಿಸಿ. ಇನ್ನು, ಇದೆಲ್ಲದರ ನಡುವೆ ನಿಮಗೇ ಕೈ ಸೋತಂತಾದರೆ? ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ. ಅಮ್ಮನ ಮನಸ್ಸೂ ಮುಖ್ಯ ತಾನೇ?

ಮಕ್ಕಳು ದೊಡ್ಡವರಾಗ್ತಾರೆ!

ಪೀಣ್ಯದ ನನ್ನ ಗೆಳತಿ ಹೇಳುವ ಮಾತು ಕೇಳಿ: "ಚಿಕ್ಕವನಿದ್ದಾಗ ಅಪ್ಪ ಎತ್ಕೊಂಡು ಹೋಗಿ ಚುಚ್ಚಿಸ್ಕೊಂಡು ಬರ್ತಿದ್ರು. ಈಗ ಅವ್ನು ಆರಡಿ ಆಳು, ಅಪ್ಪಂಗೆ ಅರವತ್ತೆಂಟು. ಯಾರು ಹಿಡೀತಾರೆ?" ಅವಳ ತಮ್ಮನಿಗೆ ಇಪ್ಪತ್ತೆರಡನೇ ವಯಸ್ಸಿನಲ್ಲಿ ಅಭ್ಯಾಸ ಶುರು ಮಾಡಿದರು. ಬಿಪಿ ಮೆಷಿನ್ ಮನೆಗೇ ತಂದು, ಮೂರು ತಿಂಗಳು ಬರೀ ಪಟ್ಟಿ ಸುತ್ತಿ ಬಿಚ್ಚಿದರು. ಈಗ ಅವನೇ ಕೈ ಚಾಚುತ್ತಾನೆ. ತಡವಾಯಿತು ಅಂತ ಏನಿಲ್ಲ. ಆದರೆ ಇವತ್ತು ಐದು ವರ್ಷದ ಮಗು ಇರುವವರು ಇಪ್ಪತ್ತು ವರ್ಷ ಮುಂದಿನದನ್ನೂ ಯೋಚಿಸಿ.

ನನ್ನ ಮಗನಿಗೆ ಈಗ ಒಂಬತ್ತು. ಹೋದ ತಿಂಗಳು ರಕ್ತಪರೀಕ್ಷೆಗೆ ಹೋಗಿದ್ದೆವು. ಹದಿನೆಂಟು ದಿನ ಮನೆಯಲ್ಲಿ ರಿಹರ್ಸಲ್ ಆಗಿತ್ತು. ಅಳಲಿಲ್ಲ ಅಂತ ಸುಳ್ಳು ಹೇಳಲಾರೆ. ಅತ್ತ. ಆದರೆ ಕೈ ಎಳೆದುಕೊಳ್ಳಲಿಲ್ಲ. ತಾನೇ ಪ್ಲಾಸ್ಟರ್ ಒತ್ತಿಕೊಂಡು, ತನ್ನ ಕಾಲಿನ ಮೇಲೆ ತಾನು ನಡೆದು ಹೊರಗೆ ಬಂದು, "ಮುಗೀತು. ಇಡ್ಲಿ" ಅಂದ. ಅವನ ಕಥೆಯ ಕೊನೆಯ ಚಿತ್ರ ಅದೇ ಆಗಿತ್ತು!

ಅವತ್ತು ನಮಗೆ ಸಹಾಯ ಮಾಡಿದವರಲ್ಲಿ ಒಬ್ಬ ಅಪರಿಚಿತ ಮಹಿಳೆಯೂ ಇದ್ದರು. ಸರದಿಯಲ್ಲಿ ನಮಗಿಂತ ಮುಂದಿದ್ದವರು. ಇವನು ಕಿವಿ ಮುಚ್ಚಿಕೊಂಡದ್ದನ್ನು ನೋಡಿ, "ನೀವು ಮೊದ್ಲು ಹೋಗಿ, ನನಗೇನು ಅರ್ಜೆಂಟಿಲ್ಲ" ಅಂದರು. ದಿಟ್ಟಿಸಿ ನೋಡಲಿಲ್ಲ. 'ಯಾಕೆ ಹೀಗೆ' ಅಂತ ಕೇಳಲಿಲ್ಲ. ನಿಮ್ಮ ಮನೆಯಲ್ಲಿ ಆಟಿಸಂ ಇರುವವರು ಯಾರೂ ಇಲ್ಲದಿರಬಹುದು. ಆದರೆ ಆಸ್ಪತ್ರೆಯ ಸಾಲಿನಲ್ಲಿ ನೀವೂ ಎಂದಾದರೂ ಕೂತಿರುತ್ತೀರಿ. ಪಕ್ಕದಲ್ಲೊಂದು ಮಗು ಕಿವಿ ಮುಚ್ಚಿಕೊಂಡು ಓಲಾಡುತ್ತಿದ್ದರೆ, ಆ ತಾಯಿಗೆ ಇಷ್ಟು ಮಾತ್ರ ಹೇಳಿ: "ನೀವು ಮೊದ್ಲು ಹೋಗಿ."

ಬ್ಯಾಗ್‌ನಲ್ಲಿ ಇವೆಲ್ಲ ಇರಲಿ

* ಚಿತ್ರಗಳ ಕಥೆ, ಯುಡಿಐಡಿ ಕಾರ್ಡ್, ಹಿಂದಿನ ರಿಪೋರ್ಟ್‌ಗಳು
* ಕಿವಿ ಮುಚ್ಚುವ ಹೆಡ್‌ಫೋನ್, ಕಣ್ಣಿಗೆ ಬೆಳಕು ಚುಚ್ಚದಂತೆ ಟೋಪಿ
* ಮಗುವಿಗೆ ಇಷ್ಟವಾದ ಆಟಿಕೆ ಅಥವಾ ಕೈಯಲ್ಲಿ ಹಿಚುಕಲು ಮೆತ್ತನೆ ಚೆಂಡು
* ನೀರು, ಪರೀಕ್ಷೆ ಮುಗಿದ ಕೂಡಲೇ ಕೊಡಲು ಇಷ್ಟದ ತಿಂಡಿ
* ತೋಳು ಸುಲಭವಾಗಿ ಮಡಚಬಹುದಾದ ಅಂಗಿ ಹಾಕಿರಲಿ, ಜೊತೆಗೊಂದು ಬದಲಿ ಬಟ್ಟೆ
* ಒಂದು ಚೀಟಿ: 'ನನಗೆ ಆಟಿಸಂ ಇದೆ. ಮುಟ್ಟುವ ಮೊದಲು ಹೇಳಿ. ಮೆಲ್ಲಗೆ, ಒಬ್ಬರೇ ಮಾತಾಡಿ. ನೋವಾದರೆ ನಾನು ಕೈ ಬೀಸುತ್ತೇನೆ.' (ನಿಮ್ಮ ಮಗುವಿನ ರೀತಿಗೆ ತಕ್ಕಂತೆ ಬರೆದುಕೊಳ್ಳಿ)